ಫೇಲ್ ಎಂದರೆ ಸಾಲದು, ಯಾಕೆಂದು ಬರೆಯಿರಿ

ದ್ವಿಚಕ್ರ ವಾಹನಗಳ ಫಿಟ್‌ನೆಸ್ ತಪಾಸಣೆ ಮಾಡುವ ಅಧಿಕಾರಿಗಳಿಗೆ ಮತ್ತು ಆ ತಪಾಸಣೆಯ ನಿಯಮ ರೂಪಿಸುವ ಎಲ್ಲ ಇಲಾಖೆಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೊನ್ನೆ ಹಿರಿಯರೊಬ್ಬರು ತಪಾಸಣೆಯ ಚೀಟಿ ಹಿಡಿದುಕೊಂಡು ನನ್ನ ಬಳಿ ಬಂದರು. ಚೀಟಿಯಲ್ಲಿ ಇದ್ದದ್ದು ಇಷ್ಟೇ: 'ಬ್ರೇಕ್ ಲೈಟ್ – ಫೇಲ್'. ಅವರು ಆಗಲೇ ಒಂದು ಸಲ ಹೊಸ ಬಲ್ಬ್ ಹಾಕಿಸಿಕೊಂಡು ಮರುತಪಾಸಣೆಗೆ ಹೋಗಿ ಬಂದಿದ್ದರು. ಎರಡನೆಯ ಸಲವೂ ಅದೇ ಚೀಟಿ, ಅದೇ ಪದಗಳು. "ಪೆಡಲ್ ತುಳಿದರೆ ಲೈಟ್ ಹತ್ತುತ್ತದಲ್ಲಪ್ಪ, ಇನ್ನೇನು ಮಾಡಬೇಕು ನಾನು?" ಎಂದು ಕೇಳಿದರು. ಪೆಡಲ್ ತುಳಿದು ನೋಡಿದೆ, ಹತ್ತಿತು. ಹ್ಯಾಂಡಲ್‌ನ ಬ್ರೇಕ್ ಲಿವರ್ ಹಿಡಿದೆ, ಹತ್ತಲಿಲ್ಲ.

ಮುಂದಿನ ಬ್ರೇಕಿಗೊಂದು, ಹಿಂದಿನ ಬ್ರೇಕಿಗೊಂದು ಸ್ವಿಚ್ ಇರುತ್ತದೆ. ಎರಡೂ ಹೊತ್ತಿಸುವುದು ಅದೇ ಒಂದು ಬಲ್ಬನ್ನು. ಅವರ ಗಾಡಿಯಲ್ಲಿ ಲಿವರ್ ಕೆಳಗಿನ ಪುಟ್ಟ ಸ್ವಿಚ್ಚಿನೊಳಗೆ ನೀರು, ಧೂಳು ಸೇರಿ ಗುಂಡಿ ಅಂಟಿಕೊಂಡು ಕೂತಿತ್ತು. ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದೆ. ಹತ್ತು ನಿಮಿಷದ ಕೆಲಸ. ಅದಕ್ಕಾಗಿ ಅವರು ಎರಡು ದಿನ ಅಲೆದಿದ್ದರು. ಹಾಗಂತ ತಪಾಸಣೆ ಮಾಡಿದವರು ತಪ್ಪು ಮಾಡಿದ್ದರೆಂದು ನಾನು ಹೇಳುತ್ತಿಲ್ಲ. ಲಿವರ್ ಹಿಡಿದು ನೋಡಿದ್ದರಿಂದಲೇ ಅವರು ಫೇಲ್ ಮಾಡಿದ್ದು, ಸರಿಯಾಗಿಯೇ ಮಾಡಿದ್ದರು. ಆದರೆ ಅವರ ಕಣ್ಣಿಗೆ ಬಿದ್ದದ್ದು ಚೀಟಿಗೆ ಇಳಿಯಲಿಲ್ಲ. ಈ ಪತ್ರ ಬರೆಯಲು ಅದೊಂದೇ ಕಾರಣ.

ನಾನು ಮೆಕ್ಯಾನಿಕ್. ತಪಾಸಣೆಗೆ ಹೊರಟ ಗಾಡಿಗಳನ್ನೂ ಅಲ್ಲಿಂದ ಫೇಲಾಗಿ ಬಂದ ಗಾಡಿಗಳನ್ನೂ ವರ್ಷಗಳಿಂದ ನೋಡುತ್ತಿದ್ದೇನೆ. ಫೇಲಾಗಿ ಬಂದ ಗಾಡಿಗಳಲ್ಲಿ ದೊಡ್ಡ ಕಾಯಿಲೆ ಇರುವುದು ಅಪರೂಪ. ಎಂಜಿನ್ ಬಿಚ್ಚಬೇಕಾದದ್ದು, ಚಾಸಿ ಸೀಳಿದ್ದು ಎಲ್ಲೋ ಒಂದೊಂದು. ಹೆಚ್ಚಿನವು ಲೈಟು, ಟೈರು, ಬ್ರೇಕು, ಕೋನ್ ಸೆಟ್ಟು, ಫೋರ್ಕ್ ಸೀಲು (ಮುಂದಿನ ಶಾಕ್ ಅಬ್ಸಾರ್ಬರಿನ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಉಂಗುರ), ಚೈನು. ಇಷ್ಟರಲ್ಲೇ ಮುಗಿಯುತ್ತದೆ ಪಟ್ಟಿ. ಇವುಗಳಲ್ಲಿ ಬಹುಪಾಲನ್ನು ಸವಾರ ತಾನೇ, ತಪಾಸಣೆಗೆ ಹೊರಡುವ ಹಿಂದಿನ ದಿನ, ಬರಿಗೈಯಲ್ಲಿ ಪತ್ತೆ ಹಚ್ಚಬಹುದು. ಆದರೆ ಹೇಗೆ ನೋಡಬೇಕೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಹೇಳುವ ಅವಕಾಶ ಮತ್ತು ಅಧಿಕಾರ ಎರಡೂ ನಿಮ್ಮ ಕೈಯಲ್ಲಿವೆ.

ಲೈಟಿನಿಂದಲೇ ಶುರು ಮಾಡುತ್ತೇನೆ. ಬ್ರಿಟನ್ನಿನಲ್ಲಿ ಎಂಒಟಿ ಎಂಬ ತಪಾಸಣೆ 1960ರಿಂದ ನಡೆದುಕೊಂಡು ಬಂದಿದೆ. ಅಲ್ಲಿ ಬೈಕ್ ಕೊಂಡು ಮೂರು ವರ್ಷವಾದ ಮೇಲೆ ಪ್ರತಿ ವರ್ಷ ತಪಾಸಣೆ ಕಡ್ಡಾಯ. ತಪಾಸಣೆಯ ಫಲಿತಾಂಶಗಳನ್ನು, ಮಾಲೀಕರ ವಿವರ ತೆಗೆದು, 2005ರಿಂದೀಚಿನವನ್ನು ಯಾರು ಬೇಕಾದರೂ ನೋಡುವಂತೆ ಅಲ್ಲಿನ ಸರ್ಕಾರ ಪ್ರಕಟಿಸಿದೆ. ಆ ಲೆಕ್ಕದಲ್ಲಿ ಎದ್ದು ಕಾಣುವ ಸಂಗತಿ ಎರಡು. ಮೊದಲ ಯತ್ನದಲ್ಲಿ ಫೇಲಾಗುವ ಬೈಕುಗಳ ಪ್ರಮಾಣ ಕಾರುಗಳಿಗಿಂತ ಕಡಿಮೆ. ಫೇಲಾದ ಬೈಕುಗಳಲ್ಲಿ ಎಲ್ಲಕ್ಕಿಂತ ಮುಂದಿರುವ ಕಾರಣ ಲೈಟು ಮತ್ತು ಸಿಗ್ನಲ್. ನನ್ನ ಅನುಭವವೂ ಅದನ್ನೇ ಹೇಳುತ್ತದೆ.

ಲೈಟಿನ ದೋಷ ಎಂದ ಕೂಡಲೇ ಸವಾರರೂ ಕೆಲವೊಮ್ಮೆ ತಪಾಸಕರೂ "ಬಲ್ಬ್ ತಾನೇ" ಎಂದು ಹಗುರವಾಗಿ ಬಿಡುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ತಡೆಯಲಾಗುವುದಿಲ್ಲ. 1981ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಒಂದು ಅಧ್ಯಯನ ಪ್ರಕಟಿಸಿತು. ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900 ಬೈಕ್ ಅಪಘಾತಗಳ ಸ್ಥಳಕ್ಕೇ ಹೋಗಿ, ಒಂದೊಂದನ್ನೂ ಪರಿಶೀಲಿಸಿ ಬರೆದದ್ದು ಅದು. ಬೇರೆ ವಾಹನದ ಜತೆ ಡಿಕ್ಕಿಯಾದ ಪ್ರಕರಣಗಳಲ್ಲಿ ಸುಮಾರು ಮೂರರಲ್ಲಿ ಎರಡರಲ್ಲಿ ಎದುರಿನ ವಾಹನದವರು ಬೈಕಿಗೆ ದಾರಿ ಬಿಡದೆ ಅಡ್ಡ ಬಂದಿದ್ದರು. ಯಾಕೆ ಅಡ್ಡ ಬಂದರು ಎಂಬುದಕ್ಕೆ ಸಿಕ್ಕ ಮುಖ್ಯ ಉತ್ತರ: ಬೈಕ್ ಅವರ ಕಣ್ಣಿಗೆ ಬೀಳಲೇ ಇಲ್ಲ, ಅಥವಾ ಬಿದ್ದಾಗ ಹೊತ್ತು ಮೀರಿತ್ತು. ಇಪ್ಪತ್ತು ವರ್ಷಗಳ ನಂತರ ಯುರೋಪಿನ ಐದು ದೇಶಗಳಲ್ಲಿ 921 ಅಪಘಾತಗಳನ್ನು ಹೀಗೆಯೇ ಆಳವಾಗಿ ನೋಡಿದಾಗಲೂ, ಬೇರೆ ವಾಹನದ ಚಾಲಕರು ಮಾಡಿದ ತಪ್ಪುಗಳಲ್ಲಿ ಶೇ. 70ಕ್ಕೂ ಹೆಚ್ಚು ಬೈಕನ್ನು ಗಮನಿಸದೆ ಆದ ತಪ್ಪುಗಳೇ.

ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬೈಕುಗಳಿಗೆ ಇತರರು ಬಂದು ಗುದ್ದುವುದು ಬೈಕ್ ಕಾಣದೆ. ತಪಾಸಣೆಯಲ್ಲಿ ಬೈಕುಗಳು ಹೆಚ್ಚಾಗಿ ಫೇಲಾಗುವುದು ಬೈಕನ್ನು ಕಾಣುವಂತೆ ಮಾಡುವ ಭಾಗದಲ್ಲಿ. ಎಲ್ಲಕ್ಕಿಂತ ಸುಲಭವಾಗಿ ಸರಿಹೋಗುವ ದೋಷವೂ ಇದೇ. ಇದಕ್ಕಿಂತ ಉಪಯೋಗದ ಮಾಹಿತಿ ಸವಾರನಿಗೆ ಇನ್ನೇನಿದೆ? ಅದು ನಿಮ್ಮ ಬಳಿ ಇದೆ, ಪ್ರತಿ ದಿನ ಸಂಗ್ರಹವಾಗುತ್ತಿದೆ. ಆದರೆ ಚೀಟಿಯ ಮೇಲೆ ಬರುವಾಗ 'ಫೇಲ್' ಎಂಬ ಒಂದೇ ಪದಕ್ಕೆ ಕುಗ್ಗಿಹೋಗುತ್ತದೆ.

ಲೈಟಿನ ದೋಷದಲ್ಲೇ ಎಷ್ಟು ಬಗೆ ಇವೆ ನೋಡಿ. ಹಿಂದಿನ ಬಲ್ಬಿನಲ್ಲಿ ಹಲವು ಗಾಡಿಗಳಿಗೆ ಎರಡು ತಂತಿ ಇರುತ್ತವೆ: ಸದಾ ಉರಿಯುವ 5 ವ್ಯಾಟ್‌ನದು, ಬ್ರೇಕ್ ಹಿಡಿದಾಗ ಉರಿಯುವ 21 ವ್ಯಾಟ್‌ನದು. ಎರಡನೆಯದು ಸುಟ್ಟುಹೋದರೂ ಮೊದಲನೆಯದು ಉರಿಯುತ್ತಲೇ ಇರುತ್ತದೆ. ಹಿಂದೆ ತಿರುಗಿ ನೋಡಿದ ಸವಾರನಿಗೆ ಕೆಂಪು ಬೆಳಕು ಕಾಣುತ್ತದೆ, ಲೈಟ್ ಸರಿ ಇದೆ ಎಂದುಕೊಳ್ಳುತ್ತಾನೆ. ಇನ್ನು ಕೆಲವು ಗಾಡಿಗಳಲ್ಲಿ ಬಲ್ಬ್ ಸರಿ ಇರುತ್ತದೆ, ಸ್ವಿಚ್ ಸರಿ ಇರುತ್ತದೆ, ಆದರೆ ಅರ್ಥ್ ಕೊಡುವ ಜಾಗ, ಅಂದರೆ ಕರೆಂಟ್ ಗಾಡಿಯ ಲೋಹದ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ಜೋಡಣೆ, ತುಕ್ಕು ಹಿಡಿದಿರುತ್ತದೆ. ಆಗ ಇಂಡಿಕೇಟರ್ ಹಾಕಿದರೆ ಹಿಂದಿನ ಲೈಟೂ ಅದರ ಜತೆ ಮಿಣುಕುತ್ತದೆ. ಬಲ್ಬ್ ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ, ಆ ತುಕ್ಕನ್ನು ಉಜ್ಜಬೇಕು. ಒಂದು ಬದಿಯ ಇಂಡಿಕೇಟರ್ ಇದ್ದಕ್ಕಿದ್ದಂತೆ ಬೇಗಬೇಗ ಹೊಡೆದುಕೊಂಡರೆ ಆ ಬದಿಯಲ್ಲಿ ಒಂದು ಬಲ್ಬ್ ಹೋಗಿದೆ ಎಂದು ಗಾಡಿಯೇ ಹೇಳುತ್ತಿರುತ್ತದೆ. ಆ ಮಾತು ಎಷ್ಟು ಜನರಿಗೆ ಅರ್ಥವಾಗುತ್ತದೆ?

ಹೆಡ್‌ಲೈಟಿನದು ಇನ್ನೊಂದು ಕತೆ. ಅದು ಉರಿದರೆ ಸಾಲದು, ಬೆಳಕು ಎಲ್ಲಿ ಬೀಳುತ್ತದೆ ಎಂಬುದೂ ಮುಖ್ಯ. ಗಾಡಿ ಒಮ್ಮೆ ಬಿದ್ದರೆ, ಹೆಡ್‌ಲೈಟ್ ಬಿಚ್ಚಿ ಹಾಕಿದರೆ, ಹಿಂದಿನ ಶಾಕ್ ಅಬ್ಸಾರ್ಬರ್ ಕುಸಿದರೆ ಬೆಳಕು ಮೇಲೇರುತ್ತದೆ. ಸವಾರನಿಗೆ ದೂರದವರೆಗೂ ಕಾಣುತ್ತದೆಂದು ಖುಷಿ. ಎದುರಿನವರಿಗೆ ಕಣ್ಣು ಕೋರೈಸಿ ರಸ್ತೆಯೇ ಮಾಯ. ಹ್ಯಾಲೊಜನ್ ಬಲ್ಬಿಗಾಗಿ ಮಾಡಿದ ಡೂಮಿಗೆ ಎಲ್‌ಇಡಿ ಬಲ್ಬ್ ತುರುಕಿದಾಗಲೂ ಇದೇ ಆಗುತ್ತದೆ. ಆ ಡೂಮಿನ ಒಳಗಿನ ಕನ್ನಡಿಯನ್ನು ರೂಪಿಸಿರುವುದು ಬಲ್ಬಿನ ತಂತಿ ನಿಖರವಾಗಿ ಒಂದು ಜಾಗದಲ್ಲಿ ಇರುತ್ತದೆ ಎಂದುಕೊಂಡು. ಎಲ್‌ಇಡಿ ಚಿಪ್ ಆ ಜಾಗದಲ್ಲಿ, ಆ ಅಳತೆಯಲ್ಲಿ ಕೂರದಿದ್ದರೆ ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ. ಡಿಮ್ ಮಾಡಿದರೂ ಡಿಮ್ ಆಗುವುದಿಲ್ಲ. ಇದನ್ನು ನನ್ನ ಹತ್ತಿರ ಬರುವ ಹುಡುಗರಿಗೆ ಗೋಡೆಗೆ ಬೆಳಕು ಬಿಟ್ಟು ತೋರಿಸುತ್ತೇನೆ. ಹಳೆಯ ಬಲ್ಬಿಗೆ ಗೋಡೆಯ ಮೇಲೆ ಅಡ್ಡಗೆರೆ ಎಳೆದ ಹಾಗೆ ಮೇಲೆ ಕತ್ತಲು, ಕೆಳಗೆ ಬೆಳಕು. ಹೊಸದಕ್ಕೆ ಗೆರೆಯೇ ಇಲ್ಲ. ಕಣ್ಣಾರೆ ಕಂಡ ಮೇಲೆ ಬಹಳಷ್ಟು ಹುಡುಗರು ತಾವಾಗಿಯೇ ಬದಲಿಸಿಕೊಂಡಿದ್ದಾರೆ. ಚೀಟಿಯಲ್ಲಿ 'ಹೆಡ್‌ಲೈಟ್ ಫೇಲ್' ಎಂದು ಓದಿದವನು ಮಾತ್ರ ಇನ್ನೂ ಹೆಚ್ಚು ಬೆಳಕಿನ ಬಲ್ಬ್ ಕೊಂಡುಕೊಂಡು ಬರುತ್ತಾನೆ.

ಟೈರಿನ ವಿಷಯದಲ್ಲಿ ನನ್ನ ಕೋರಿಕೆ ಇನ್ನೂ ಸರಳ. ಅಳೆದದ್ದನ್ನು ಬರೆಯಿರಿ.

ಟೈರಿನ ಗ್ರಿಪ್ ಎಷ್ಟು ಉಳಿದಿರಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಬೈಕಿಗೂ 1.6 ಮಿಲಿಮೀಟರ್. ಬ್ರಿಟನ್ನಿನಲ್ಲಿ 50 ಸಿಸಿಗಿಂತ ದೊಡ್ಡ ಬೈಕಿಗೆ, ಟೈರಿನ ಅಗಲದ ಮುಕ್ಕಾಲು ಪಾಲಿನಲ್ಲಿ, 1 ಮಿಲಿಮೀಟರ್. ಭಾರತದಲ್ಲಿ ದ್ವಿಚಕ್ರ ವಾಹನಕ್ಕೆ 0.8. ಜಪಾನಿನಲ್ಲೂ 0.8. ಯಾವ ಸಂಖ್ಯೆ ಸರಿ ಎಂದು ವಾದಿಸಲು ನಾನು ಕೂತಿಲ್ಲ. ಆದರೆ ಒಂದು ಗಾಡಿಯ ಟೈರು ಮಿತಿಗಿಂತ ಕೂದಲೆಳೆಯಷ್ಟು ಮೇಲಿದ್ದರೂ ಅದು ಪಾಸ್. 1 ಮಿಲಿಮೀಟರ್ ಮಿತಿ ಇರುವಲ್ಲಿ 1.1 ಇದ್ದ ಟೈರು ಪಾಸಾಗಿ, ಮುಂದಿನ ತಪಾಸಣೆಗೆ ಇನ್ನೂ ಒಂದು ವರ್ಷ ಇರುವಾಗ, ಕೆಲವೇ ವಾರಗಳಲ್ಲಿ ಮಿತಿಯ ಕೆಳಗೆ ಇಳಿಯುತ್ತದೆ. ಸವಾರನ ಜೇಬಿನಲ್ಲಿ ಪಾಸ್ ಎಂಬ ಚೀಟಿ. ಟೈರ್ ಬಗ್ಗೆ ಅವನು ಇನ್ನೊಂದು ವರ್ಷ ಯೋಚಿಸುವುದಿಲ್ಲ. ಅಲ್ಲಿ '1.1' ಎಂದು ಒಂದು ಸಂಖ್ಯೆ, ಪಕ್ಕದಲ್ಲಿ 'ಮಿತಿ 1.0' ಎಂದು ಇನ್ನೊಂದು ಸಂಖ್ಯೆ ಇದ್ದಿದ್ದರೆ ಓದು ಬಾರದವನಿಗೂ ಪರಿಸ್ಥಿತಿ ತಿಳಿಯುತ್ತಿತ್ತು. ನಿಮ್ಮವರು ಹೇಗೂ ಗೇಜ್ ಇಟ್ಟು ಅಳೆಯುತ್ತಾರೆ. ಕಣ್ಣಿಗೆ ಬಿದ್ದ ಸಂಖ್ಯೆಯನ್ನು ಬರೆಯಲು ಎಷ್ಟು ಹೊತ್ತು ಬೇಕು?

ಗ್ರಿಪ್ ಒಂದೇ ನೋಡಿದರೂ ಸಾಲದು ಅನ್ನಿ. ಕಡಿಮೆ ಓಡಿದ ಗಾಡಿಯ ಟೈರಿನಲ್ಲಿ ಗ್ರಿಪ್ ತುಂಬ ಇರುತ್ತದೆ, ಪಕ್ಕದ ಗೋಡೆ ಮಾತ್ರ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ. ಟೈರ್ ಯಾವಾಗ ತಯಾರಾಯಿತು ಎಂಬುದು ಅದರ ಮೇಲೆಯೇ ನಾಲ್ಕು ಅಂಕಿಯಲ್ಲಿ ಅಚ್ಚಾಗಿದೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 1419 ಎಂದಿದ್ದರೆ 2019ರ ಹದಿನಾಲ್ಕನೇ ವಾರ. ತಿರುಗುವ ದಿಕ್ಕಿನ ಬಾಣದ ಗುರುತೂ ಇರುತ್ತದೆ. ಪಂಕ್ಚರ್ ಹಾಕುವಾಗ ಅವಸರದಲ್ಲಿ ತಿರುಗುಮುರುಗಾಗಿ ಕೂರಿಸಿದ ಟೈರುಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಬ್ರೇಕಿಗೆ ಬರುತ್ತೇನೆ. ಬ್ರೇಕಿನ ಬಲವನ್ನು ಗಾಡಿಯ ತೂಕದ ಶೇಕಡಾವಾರಿನಲ್ಲಿ ಲೆಕ್ಕ ಹಾಕುವ ಪದ್ಧತಿ ಇದೆ. ಬ್ರಿಟನ್ನಿನ ನಿಯಮದಂತೆ ಎರಡು ಬ್ರೇಕ್‌ಗಳಲ್ಲಿ ಒಂದು ಕನಿಷ್ಠ ಶೇ. 30, ಇನ್ನೊಂದು ಕನಿಷ್ಠ ಶೇ. 25 ತೋರಿಸಬೇಕು. ಶೇ. 30 ಎಂದರೆ ರಸ್ತೆಯಲ್ಲಿ ಏನು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದ ಗಾಡಿ ಆ ಒಂದು ಬ್ರೇಕಿನಿಂದಲೇ ನಿಲ್ಲಬೇಕಾದರೆ, ಬ್ರೇಕ್ ಹಿಡಿದ ಕ್ಷಣದಿಂದ ಸುಮಾರು 47 ಮೀಟರ್ ಹೋಗುತ್ತದೆ. ಎರಡೂ ಬ್ರೇಕ್ ಸೇರಿ ಶೇ. 60 ಕೊಟ್ಟರೆ ಅದರ ಅರ್ಧ, 24 ಮೀಟರ್ ಒಳಗೆ. ಪಾಸಾದ ಎರಡು ಗಾಡಿಗಳ ನಡುವೆಯೇ ಇಷ್ಟು ಅಂತರ ಇರಬಹುದು. ಚಕ್ರವನ್ನು ಉರುಳೆಗಳ ಮೇಲೆ ತಿರುಗಿಸಿ ಬ್ರೇಕ್ ಅಳೆಯುವ ರೋಲರ್ ಯಂತ್ರ ಈ ಸಂಖ್ಯೆಯನ್ನು ತಾನಾಗಿಯೇ ತೋರಿಸುತ್ತದೆ. ಅದನ್ನು ಸವಾರನಿಗೆ ಕೊಡಿ. ಹೋದ ಸಲ 52 ಇದ್ದದ್ದು ಈ ಸಲ 34ಕ್ಕೆ ಇಳಿದಿದೆ ಎಂದು ಗೊತ್ತಾದವನು ಫೇಲಾಗುವ ತನಕ ಕಾಯುವುದಿಲ್ಲ.

ಡಿಸ್ಕ್ ಎಷ್ಟು ತೆಳುವಾದರೆ ಬದಲಿಸಬೇಕು ಎಂಬುದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತದೆ. ಡ್ರಮ್ ಬ್ರೇಕ್ ಇರುವ ಎಷ್ಟೋ ಗಾಡಿಗಳಲ್ಲಿ ಹಿಂಚಕ್ರದ ಲಿವರ್ ಬಳಿ ಒಂದು ಬಾಣದ ಗುರುತು ಇರುತ್ತದೆ. ಬ್ರೇಕ್ ಪೂರ್ತಿ ಒತ್ತಿದಾಗ ಅದು ಕೊನೆಯ ಗೆರೆ ದಾಟಿದರೆ ಒಳಗಿನ ಶೂ ಸವೆದಿದೆ ಎಂದರ್ಥ. ಗಾಡಿ ಮಾಡಿದವರು ಇಷ್ಟು ಕಷ್ಟಪಟ್ಟು ಗುರುತು ಹಾಕಿ ಕೊಟ್ಟಿದ್ದಾರೆ. ಆದರೂ ಆ ಬಾಣ ಯಾಕಿದೆ ಎಂದು ಕೇಳಿದರೆ ಹತ್ತು ವರ್ಷ ಗಾಡಿ ಓಡಿಸಿದವರೂ ತಲೆ ಅಲ್ಲಾಡಿಸುತ್ತಾರೆ.

ಡಿಸ್ಕ್ ಬ್ರೇಕಿನ ಎಣ್ಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇದು ತಪಾಸಣೆಯಲ್ಲಿ ಸಿಕ್ಕಿಬೀಳದೆ ತಪ್ಪಿಸಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಹೊಸದಾಗಿದ್ದಾಗ ಅದರ ಕುದಿಬಿಂದು 230 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬಾರದೆಂಬುದು ಮಾನದಂಡ; ತೇವ ಕುಡಿದ ಮೇಲೆ ಲೆಕ್ಕಕ್ಕೆ ಹಿಡಿಯುವ ಮಿತಿ ಬರೀ 155. ತಣ್ಣಗಿರುವ ಗಾಡಿಯಲ್ಲಿ ಲಿವರ್ ಗಟ್ಟಿಯಾಗಿಯೇ ಇರುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಹಿಡಿದು ಬಿಸಿಯಾದಾಗ ಎಣ್ಣೆ ಕುದ್ದು, ಗುಳ್ಳೆಯೆದ್ದು, ಲಿವರ್ ಹ್ಯಾಂಡಲಿಗೆ ಬಂದು ತಾಕುತ್ತದೆ. ತಪಾಸಣೆಯ ಸ್ಥಳದಲ್ಲಿ ಇಳಿಜಾರು ಇರುವುದಿಲ್ಲ. ಬಣ್ಣ ಕಪ್ಪಾದ ಎಣ್ಣೆ ಕಂಡರೆ ಫೇಲ್ ಮಾಡುವ ಅಧಿಕಾರ ನಿಮಗಿಲ್ಲದಿರಬಹುದು. 'ಎಣ್ಣೆ ಬದಲಿಸಿ' ಎಂದು ಚೀಟಿಯ ಮೂಲೆಯಲ್ಲಿ ಬರೆಯಲು ಯಾವ ನಿಯಮವೂ ಅಡ್ಡ ಬರಬಾರದು.

ಇನ್ನು, ಸವಾರ ಎಂದಿಗೂ ತಾನಾಗಿ ಒಪ್ಪಿಕೊಳ್ಳದ ದೋಷಗಳು ಕೆಲವಿವೆ. ಅವು ನಿಧಾನವಾಗಿ ಬೆಳೆಯುತ್ತವೆ, ಅದಕ್ಕೇ ಅವನಿಗೆ ತಿಳಿಯುವುದಿಲ್ಲ. ಕೋನ್ ಸೆಟ್ಟನ್ನೇ ತೆಗೆದುಕೊಳ್ಳಿ. ಹ್ಯಾಂಡಲ್ ತಿರುಗುವ ಜಾಗದಲ್ಲಿರುವ ಬೇರಿಂಗ್ ಅದು. ಗಾಡಿ ಓಡುವಾಗ ಹ್ಯಾಂಡಲ್ ಹೆಚ್ಚು ಹೊತ್ತು ನೇರವೇ ಇರುವುದರಿಂದ ಗುಂಡುಗಳು ಒಂದೇ ಜಾಗದಲ್ಲಿ ಪೆಟ್ಟು ತಿಂದು ಅಲ್ಲೇ ಸಣ್ಣ ಗುಳಿ ಕೊರೆಯುತ್ತವೆ. ಆಮೇಲೆ ಹ್ಯಾಂಡಲ್ ನಡುವಿಗೆ ಬಂದಾಗ 'ಟಕ್' ಎಂದು ಕೂತುಬಿಡುತ್ತದೆ. ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳುವುದಿಲ್ಲ. ದಿನವೂ ಓಡಿಸುವವನಿಗೆ ಅದೇ ಅಭ್ಯಾಸವಾಗಿರುತ್ತದೆ, ತನ್ನ ಗಾಡಿ ಇರುವುದೇ ಹೀಗೆ ಅಂದುಕೊಳ್ಳುತ್ತಾನೆ. ಡಬಲ್ ಸ್ಟ್ಯಾಂಡ್ ಹಾಕಿ, ಮುಂಚಕ್ರ ನೆಲ ಬಿಡುವಂತೆ ಹಿಂದೆ ಒಬ್ಬರು ಅದುಮಿಕೊಂಡರೆ, ಎರಡು ಬೆರಳಿನಲ್ಲಿ ಹ್ಯಾಂಡಲ್ ತಿರುಗಿಸಿ ಆ ಗುಳಿಯನ್ನು ಕೈಯಲ್ಲೇ ತಿಳಿಯಬಹುದು. ಫೋರ್ಕಿನ ಕೆಳತುದಿ ಹಿಡಿದು ಹಿಂದಕ್ಕೂ ಮುಂದಕ್ಕೂ ಜಗ್ಗಿದರೆ ಸಡಿಲ ಇದ್ದದ್ದೂ ಗೊತ್ತಾಗುತ್ತದೆ. ಹಿಂಚಕ್ರವನ್ನು ಹಾಗೆಯೇ ಅಡ್ಡಡ್ಡ ಅಲುಗಿಸಿದರೆ ಸ್ವಿಂಗ್ ಆರ್ಮಿನ (ಹಿಂಚಕ್ರವನ್ನು ಹಿಡಿದಿರುವ ತೋಳಿನ) ಬುಶ್ ಮತ್ತು ಚಕ್ರದ ಬೇರಿಂಗ್ ತಮ್ಮ ಸ್ಥಿತಿ ಹೇಳುತ್ತವೆ. ನಿಮ್ಮ ತಪಾಸಕರು ದಿನವೂ ಮಾಡುವುದು ಇದನ್ನೇ. ಅದನ್ನು ಮಾಲೀಕನ ಎದುರಿಗೆ ಮಾಡಿ, ಅವನ ಕೈಯನ್ನೂ ಆ ಹ್ಯಾಂಡಲ್ ಮೇಲೆ ಇಡಿಸಿ ನೋಡಿ. ಒಮ್ಮೆ ಆ 'ಟಕ್' ಕೈಗೆ ತಗುಲಿದವನು ಜೀವನದಲ್ಲಿ ಮರೆಯುವುದಿಲ್ಲ.

ಚೈನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಡಿಲವೋ ಬಿಗಿಯೋ ಎಂಬುದನ್ನು ಒಂದೇ ಕಡೆ ನೋಡದೆ ಚಕ್ರ ತಿರುಗಿಸುತ್ತಾ ನಾಲ್ಕು ಕಡೆ ನೋಡಬೇಕು. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯ ಹಾಗೆ ಬಾಗಿದ್ದರೆ ಚೈನೊಂದನ್ನೇ ಬದಲಿಸಿ ಪ್ರಯೋಜನವಿಲ್ಲ.

ಫೋರ್ಕ್ ಸೀಲಿನ ವಿಷಯಕ್ಕೆ ಬಂದಾಗ ನನ್ನದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ನಾಳೆಯೇ ತಪಾಸಣೆ ಎಂದು ಗಾಡಿ ತಂದರು. ಬಲಗಡೆಯ ಫೋರ್ಕಿನಿಂದ ಎಣ್ಣೆ ಜಿನುಗುತ್ತಿತ್ತು. ಸೀಲ್ ತರಿಸಲು ಸಮಯವಿಲ್ಲ. ಅವರು ಕೇಳಿಕೊಂಡರೆಂದು ಫೋರ್ಕ್ ಪೈಪನ್ನು ಚೆನ್ನಾಗಿ ಒರೆಸಿ, ಧೂಳಿನ ಕವರ್ ಕೆಳಗಿನ ಎಣ್ಣೆಯನ್ನೂ ಬಟ್ಟೆಯಲ್ಲಿ ತೆಗೆದು ಕಳಿಸಿದೆ. ಪಾಸಾಯಿತು. ಎರಡು ವಾರ ಬಿಟ್ಟು ಅವರೇ ಬಂದರು. ಜಿನುಗಿದ ಎಣ್ಣೆ ಡಿಸ್ಕ್ ಮೇಲೆ ಇಳಿದು, ಪ್ಯಾಡ್ ನೆನೆದು, ಮುಂದಿನ ಬ್ರೇಕ್ ಹಿಡಿದರೆ ಜಾರುತ್ತಿತ್ತು. ಜನರಿಲ್ಲದ ರಸ್ತೆಯಲ್ಲಿ ಗೊತ್ತಾದ್ದರಿಂದ ಏನೂ ಆಗಲಿಲ್ಲ. ಅವರು ನನ್ನನ್ನು ಬೈಯಲಿಲ್ಲ, ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ಅವತ್ತಿನಿಂದ ತಪಾಸಣೆಗಾಗಿ ಮಾತ್ರ ಗಾಡಿ ಸರಿಪಡಿಸುವ ಕೆಲಸ ನಾನು ಮಾಡಿಲ್ಲ. ಬೇರೆ ಗಾಡಿಯ ಟೈರ್ ಹಾಕಿಕೊಂಡು ಹೋಗಿ, ಪಾಸಾದ ಮೇಲೆ ಮತ್ತೆ ಬದಲಿಸಿಕೊಳ್ಳುತ್ತೇವೆ ಎಂದು ಈಗಲೂ ಕೇಳಿಕೊಂಡು ಬರುವವರಿದ್ದಾರೆ. ಅವರಲ್ಲಿ ಕೆಟ್ಟವರು ಯಾರೂ ಇಲ್ಲ. ತಪಾಸಣೆ ಎಂದರೆ ದಾಟಬೇಕಾದ ಒಂದು ಗೇಟು ಎಂದಷ್ಟೇ ಅವರಿಗೆ ಅರ್ಥವಾಗಿದೆ. ಚೀಟಿಯಲ್ಲಿ ಪಾಸ್, ಫೇಲ್ ಎಂಬ ಎರಡೇ ಪದ ಇರುವ ತನಕ ಬೇರೆ ಅರ್ಥ ಆಗುವುದಾದರೂ ಹೇಗೆ?

ಸೈಲೆನ್ಸರ್ ಬದಲಿಸಿ ಫೇಲಾದವರ ಬಗ್ಗೆ ಮಾತ್ರ ನನಗೆ ಅಷ್ಟು ಕನಿಕರವಿಲ್ಲ. 'ರಸ್ತೆ ಬಳಕೆಗೆ ಅಲ್ಲ' ಎಂದು ಅಚ್ಚು ಹಾಕಿದ ಸೈಲೆನ್ಸರ್ ಇದ್ದರೆ ಬ್ರಿಟನ್ನಿನಲ್ಲಿ ಅಷ್ಟಕ್ಕೇ ಫೇಲ್ ಮಾಡುತ್ತಾರೆ, ಅದು ಸರಿಯೇ. ಕೊಳ್ಳುವಾಗಲೇ ಓದಿ ಕೊಂಡದ್ದು ತಾನೇ. ನಂಬರ್ ಪ್ಲೇಟನ್ನು ಮಡ್‌ಗಾರ್ಡ್ ಒಳಗೆ ಬಾಗಿಸಿ ಇಡುವವರದ್ದೂ ಹಾಗೆಯೇ. ಆದರೆ ಹ್ಯಾಂಡಲ್ ಬದಲಿಸಿದವರ ಕತೆ ಬೇರೆ. ಬೆನ್ನು ನೋವಿಗೆಂದು ಎತ್ತರದ ಹ್ಯಾಂಡಲ್ ಹಾಕಿಸಿಕೊಂಡವರಲ್ಲಿ ಬಹಳ ಜನ ಅದರ ಜತೆ ಕೇಬಲ್ಲೂ ಬ್ರೇಕ್ ಪೈಪೂ ಉದ್ದವಾಗಬೇಕೆಂದು ತಿಳಿಯದವರು. ಪೂರ್ತಿ ತಿರುಗಿಸಿದಾಗ ಆಕ್ಸಿಲರೇಟರ್ ಕೇಬಲ್ ಎಳೆದುಕೊಂಡು ಎಂಜಿನ್ ತಾನಾಗಿ ಏರುತ್ತದೆ. ಇದು ಪ್ರಾಣಕ್ಕೆ ಬರುವ ದೋಷ. ಇಂಥದ್ದನ್ನೂ ಕನ್ನಡಿ ಸಡಿಲ ಎಂಬ ದೋಷವನ್ನೂ ಒಂದೇ ಅಕ್ಷರದಲ್ಲಿ, ಒಂದೇ ಸಾಲಿನಲ್ಲಿ ಬರೆಯುವುದು ಸರಿಯಲ್ಲ. ಬ್ರಿಟನ್ನಿನಲ್ಲಿ 2018ರ ಮೇ 20ರಿಂದ ದೋಷಗಳನ್ನು ಅಪಾಯಕಾರಿ, ಗಂಭೀರ, ಸಣ್ಣದು ಎಂದು ಮೂರು ದರ್ಜೆ ಮಾಡಿದ್ದಾರೆ. ಇವತ್ತು ಪಾಸ್, ಆದರೆ ಮುಂದೆ ಗಮನಿಸಿ ಎಂಬ ಸಲಹೆಯ ಸಾಲನ್ನೂ ಪ್ರತ್ಯೇಕವಾಗಿ ಕೊಡುತ್ತಾರೆ. ಇದನ್ನು ಎಲ್ಲಿ ಬೇಕಾದರೂ ಮಾಡಬಹುದು.

ತಪಾಸಣೆಯೇ ಬೇಡ ಎನ್ನುವವರ ವಾದವನ್ನು ನಾನು ಕೇಳಿದ್ದೇನೆ, ಅದನ್ನು ತಳ್ಳಿಹಾಕುವುದಿಲ್ಲ. ಮೇಲೆ ಹೇಳಿದ ಹ್ಯಾರಿ ಹರ್ಟ್ ಅವರ ಅಧ್ಯಯನದಲ್ಲೇ ಗಾಡಿಯ ದೋಷದಿಂದಾದ ಅಪಘಾತ ಶೇ. 3ಕ್ಕಿಂತ ಕಡಿಮೆ, ಅದರಲ್ಲೂ ಹೆಚ್ಚಿನವು ಪಂಕ್ಚರ್ ಆಗಿ ಹತೋಟಿ ತಪ್ಪಿದವು. ಯುರೋಪಿನ ಒಕ್ಕೂಟ 2014ರಲ್ಲಿ ಒಂದು ನಿರ್ದೇಶನ ಮಾಡಿ, 2022ರ ಜನವರಿ 1ರಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ತಪಾಸಣೆ ಇರಬೇಕು, ಇಲ್ಲವೇ ಸುರಕ್ಷತೆಗೆ ಬೇರೆ ಪರಿಣಾಮಕಾರಿ ಕ್ರಮ ಇರಬೇಕು ಎಂದಿತು. ಫ್ರಾನ್ಸಿನಲ್ಲಿ ಬೈಕ್ ಸವಾರರು ವರ್ಷಗಟ್ಟಲೆ ಬೀದಿಗಿಳಿದು ವಿರೋಧಿಸಿದರು. ಕೊನೆಗೆ 2024ರ ಏಪ್ರಿಲ್ 15ರಂದು ಅಲ್ಲೂ ಶುರುವಾಯಿತು. ಜಪಾನಿನಲ್ಲಿ 250 ಸಿಸಿಗಿಂತ ದೊಡ್ಡದಕ್ಕೆ ಮಾತ್ರ ತಪಾಸಣೆ. ಭಾರತದಲ್ಲಿ ಸ್ವಂತ ಬೈಕಿನ ನೋಂದಣಿ 15 ವರ್ಷ ನಡೆಯುತ್ತದೆ, ಆಮೇಲೆ ನವೀಕರಣಕ್ಕೆ ಹೋದಾಗ ಫಿಟ್‌ನೆಸ್ ನೋಡುತ್ತಾರೆ. ಒಂದೊಂದು ದೇಶ ಒಂದೊಂದು ದಾರಿ ಹಿಡಿದಿದೆ.

ಆ ಶೇ. 3ರ ಬಗ್ಗೆ ನನ್ನ ಅನಿಸಿಕೆ ಇದು. ಬ್ರೇಕ್ ತುಂಡಾದರೆ ಅದು ಗಾಡಿಯ ದೋಷ ಎಂದು ದಾಖಲಾಗುತ್ತದೆ. 24 ಮೀಟರಿನಲ್ಲಿ ನಿಲ್ಲಬೇಕಾದ ಗಾಡಿ 35 ಮೀಟರಿನಲ್ಲಿ ನಿಂತರೆ, ಅಡ್ಡ ಬಂದ ಕಾರಿನದು ತಪ್ಪು ಎಂದು ದಾಖಲಾಗುತ್ತದೆ. ಕಾರಿನದು ತಪ್ಪೇ, ಸಂಶಯವಿಲ್ಲ. ಆ 11 ಮೀಟರ್ ಮಾತ್ರ ಯಾವ ಕಾಗದದಲ್ಲೂ ಬರುವುದಿಲ್ಲ. ಹಿಂದಿನ ಲೈಟ್ ಹತ್ತದ ಗಾಡಿಗೆ ಯಾರಾದರೂ ಹಿಂದಿನಿಂದ ಗುದ್ದಿದರೂ ಹಾಗೆಯೇ. ಹಾಗಿದ್ದರೂ ತಪಾಸಣೆ ಮಾಡಿದ ಮಾತ್ರಕ್ಕೆ ಅಪಘಾತ ಕಡಿಮೆಯಾಗಿಬಿಡುತ್ತದೆ ಎಂದು ನಾನು ಹೇಳಲಾರೆ. ಒಂದು ವರ್ಷದಲ್ಲಿ ಒಂದು ದಿನ, ಆ ದಿನದಲ್ಲಿ ಅರ್ಧ ಗಂಟೆ, ಗಾಡಿ ನಿಮ್ಮ ಕೈಯಲ್ಲಿರುತ್ತದೆ. ಉಳಿದ 364 ದಿನ ಅದು ಸವಾರನ ಕೈಯಲ್ಲಿ. ಆ ಅರ್ಧ ಗಂಟೆಯಲ್ಲಿ ನೀವು ಕಂಡದ್ದು ಅವನಿಗೆ ತಲುಪಿದರೆ ಮಾತ್ರ ಆ ಉಳಿದ ದಿನಗಳಿಗೆ ಉಪಯೋಗ.

ಆದ್ದರಿಂದ ಕೇಳುತ್ತಿದ್ದೇನೆ. ಚೀಟಿಯಲ್ಲಿ ಯಾವ ಭಾಗ ಫೇಲ್ ಎನ್ನುವುದರ ಜತೆಗೆ ಯಾವ ಕಡೆಯದು, ಏನು ಮಾಡಿದಾಗ ಕಂಡಿತು, ಅಳತೆ ಎಷ್ಟು ಬಂತು, ಮಿತಿ ಎಷ್ಟು ಎಂಬುದನ್ನು ಅವನ ಭಾಷೆಯಲ್ಲಿ ಬರೆಯಿರಿ. ಪಾಸಾದ ಗಾಡಿಗೂ ಟೈರು ಮತ್ತು ಬ್ರೇಕಿನ ಸಂಖ್ಯೆಗಳನ್ನು ಕೊಡಿ. ಇವತ್ತೇ ಓಡಿಸಬಾರದ ದೋಷವನ್ನು ಉಳಿದವುಗಳಿಂದ ಬೇರೆ ಮಾಡಿ, ದೊಡ್ಡ ಅಕ್ಷರದಲ್ಲಿ ಮೇಲೆ ಬರೆಯಿರಿ. ತಪಾಸಣೆಯ ವೇಳೆ ಮಾಲೀಕ ಪಕ್ಕದಲ್ಲಿ ನಿಂತು ನೋಡಲು ಬಿಡಿ. ಸುರಕ್ಷತೆಗಾಗಿ ಒಂದು ಗೆರೆ ಎಳೆದು ಅದರಾಚೆ ನಿಲ್ಲಿಸಿದರೂ ಸಾಕು. ವರ್ಷಕ್ಕೊಮ್ಮೆ ಎಷ್ಟು ಬೈಕು ಬಂದವು, ಎಷ್ಟು ಫೇಲಾದವು, ಯಾವ ಯಾವ ಕಾರಣಕ್ಕೆ ಎಂಬ ಲೆಕ್ಕವನ್ನು ಹೆಸರು, ನಂಬರ್ ತೆಗೆದು ಎಲ್ಲರಿಗೂ ಸಿಗುವಂತೆ ಪ್ರಕಟಿಸಿ. ಅದನ್ನು ಗಾಡಿಯ ವಯಸ್ಸಿನ ಪ್ರಕಾರವೂ ವಿಂಗಡಿಸಿ. ಐದು ವರ್ಷದ ಗಾಡಿಯಲ್ಲಿ ಏನು ಕೆಡುತ್ತದೆ, ಹದಿನೈದು ವರ್ಷದ್ದರಲ್ಲಿ ಏನು ಕೆಡುತ್ತದೆ ಎಂದು ತಿಳಿದರೆ ನಮ್ಮಂಥ ಮೆಕ್ಯಾನಿಕ್‌ಗಳು ಸರ್ವಿಸಿಗೆ ಬಂದಾಗಲೇ ಅದನ್ನು ಮೊದಲು ನೋಡುತ್ತೇವೆ. ಹಳೆಯ ಗಾಡಿ ಕೊಳ್ಳುವವರೂ ಎಲ್ಲಿ ಕೈ ಇಟ್ಟು ನೋಡಬೇಕೆಂದು ಕಲಿಯುತ್ತಾರೆ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ನೀವು ಈಗಾಗಲೇ ನೋಡುತ್ತಿರುವುದನ್ನು, ಅಳೆಯುತ್ತಿರುವುದನ್ನು ಬರೆದರೆ ಆಯಿತು.

ಆ ಹಿರಿಯರ ಒಪ್ಪಿಗೆ ಪಡೆದು, ಹೆಸರು ಮತ್ತು ಗಾಡಿಯ ನಂಬರ್ ಅಳಿಸಿ, ಅವರ ಚೀಟಿಯ ಪ್ರತಿಯನ್ನು ಈ ಪತ್ರದ ಜತೆಗಿಟ್ಟಿದ್ದೇನೆ. 'ಬ್ರೇಕ್ ಲೈಟ್ – ಫೇಲ್' ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲಿಗೆ ಜಾಗ ಖಾಲಿ ಇತ್ತು. ಅಲ್ಲಿ ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದೇನೆ: 'ಪೆಡಲ್ ಒತ್ತಿದಾಗ ಹತ್ತುತ್ತಿದೆ, ಲಿವರ್ ಹಿಡಿದಾಗ ಹತ್ತುತ್ತಿಲ್ಲ. ಮುಂದಿನ ಬ್ರೇಕಿನ ಸ್ವಿಚ್ ನೋಡಿಸಿ.'

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಬೈಕ್ ಮೆಕ್ಯಾನಿಕ್